ಕಾಲರ್ ಬೋನ್ ಮೇಲೆ ಗಂಟು: ಎಲ್ಲಿದೆ ಅನ್ನುವುದೇ ಮೊದಲ ಪ್ರಶ್ನೆ

ಪ್ರಶ್ನೆ: ಮೂರು ವಾರದ ಹಿಂದೆ ಸೈಕಲ್‌ನಿಂದ ಬಿದ್ದು ಎಡಗಡೆ ಕಾಲರ್ ಬೋನ್ ಮುರಿದುಕೊಂಡೆ. ವಯಸ್ಸು 34. ಎಕ್ಸ್‌ರೇಯಲ್ಲಿ ಮೂಳೆ ನಡುಮಧ್ಯೆ ಎರಡು ತುಂಡಾಗಿ, ಒಂದರ ಮೇಲೊಂದು ಹತ್ತಿ ಕೂತಿದೆ. ಡಾಕ್ಟರು ಪ್ಲಾಸ್ಟರ್ ಹಾಕಲಿಲ್ಲ, ಆಪರೇಷನ್ನೂ ಬೇಡ ಎಂದರು, ಕೈಯನ್ನು ಕತ್ತಿಗೆ ತೂಗುಹಾಕುವ ಪಟ್ಟಿ, ಅಂದರೆ ಬರೀ ಸ್ಲಿಂಗ್ ಕೊಟ್ಟು ಕಳಿಸಿದರು. ಈಗ ಅಲ್ಲಿ ಗಟ್ಟಿ ಗಂಟು ಬಂದಿದೆ. ಪ್ಲೇಟ್ ಹಾಕಿಸದಿದ್ದರೆ ಕೈಯಲ್ಲಿ ಶಕ್ತಿ ಇರುವುದಿಲ್ಲ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಇನ್ನೊಂದು ವಿಷಯ. ನನ್ನ ಅಮ್ಮನಿಗೆ 61 ವರ್ಷ. ಎಲ್ಲೂ ಬಿದ್ದಿಲ್ಲ, ಆದರೂ ಬಲಗಡೆ ಕತ್ತಿನ ಗುಳಿಯ ಪಕ್ಕದಲ್ಲಿ ಇಂಥದ್ದೇ ಗಂಟು ಇದೆ, ನೋವಿಲ್ಲ. ಎರಡೂ ಒಂದೇನಾ?

ಉತ್ತರ: ಒಂದೇ ಅಲ್ಲ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಗಂಟು ಮೂಳೆ ಕೂಡಿಕೊಳ್ಳುತ್ತಿರುವ ಗುರುತು. ಅಮ್ಮನದು ಬಹುಪಾಲು ಕೀಲು ಸವೆತ. ಮುಟ್ಟಿ ನೋಡದೆ ಇಷ್ಟಾದರೂ ಹೇಳಬಹುದು, ಯಾಕೆಂದರೆ ಜಾಗ ಯಾವುದು ಅನ್ನುವುದನ್ನು ನೀವೇ ಬರೆದಿದ್ದೀರಿ. ದೊಡ್ಡವರಲ್ಲಿ ಈ ಮೂಳೆ ಸುಮಾರು 15 ಸೆಂಟಿಮೀಟರ್ ಉದ್ದ, ಅಷ್ಟೇ. ಆದರೆ ಅದರ ಒಳತುದಿಗೆ ಬರುವ ತೊಂದರೆ ಬೇರೆ, ನಡುಭಾಗದ್ದು ಬೇರೆ, ಹೊರತುದಿಯದು ಬೇರೆ. ಮೂಳೆಯ ಮೇಲಿನ ಗುಳಿಯಲ್ಲಿ ಬರುವ ಗಂಟಿಗಂತೂ ಮೂಳೆಗೂ ಸಂಬಂಧವೇ ಇರುವುದಿಲ್ಲ. ಹಾಗಾಗಿ ಕಾಲರ್ ಬೋನ್ ನೋವು ಅಂತ ಯಾರಾದರೂ ಬಂದರೆ ನಾನು ಮೊದಲು ಹೇಳುವುದು, ಒಂದೇ ಬೆರಳಿಟ್ಟು ಎಲ್ಲಿ ಅಂತ ತೋರಿಸಿ ಎಂದು. ಅರ್ಧ ರೋಗನಿರ್ಣಯ ಅಲ್ಲೇ ಆಗಿಬಿಡುತ್ತದೆ.

ಮೊದಲು ನಿಮ್ಮ ವಿಷಯ.

ಕಾಲರ್ ಬೋನ್ ಮಾಡುವ ಕೆಲಸ ತೆರೆದ ಕಿಟಕಿ ಬಾಗಿಲು ಮುಚ್ಚಿಕೊಳ್ಳದಂತೆ ಕೊಡುವ ಕಡ್ಡಿಯದು. ಹೆಗಲನ್ನು ಎದೆಗೂಡಿನಿಂದ ಆಚೆಗೆ ತಳ್ಳಿ ಹಿಡಿದಿರುತ್ತದೆ. ಇಡೀ ತೋಳಿಗೂ ಮುಂಡಕ್ಕೂ ಮೂಳೆಯ ಮೂಲಕ ಇರುವ ನಂಟು ಇದೊಂದೇ, ಮಿಕ್ಕಿದ್ದೆಲ್ಲ ಸ್ನಾಯುಗಳ ಹಿಡಿತ. ಹೆಗಲ ಮೇಲೆ ಬಿದ್ದಾಗ ಆ ಪೆಟ್ಟು ಎದೆಮೂಳೆಯ ಕಡೆಗೆ ಹೋಗಲು ಇರುವ ದಾರಿಯೂ ಇದೇ. ಚಾಚಿದ ಅಂಗೈ ಊರಿ ಬಿದ್ದರೆ ಇದು ಮುರಿಯುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗೂ ಆಗುತ್ತದೆ, ಆದರೆ ಜಾಸ್ತಿ ಜನರಿಗೆ ಮುರಿಯುವುದು ನೇರವಾಗಿ ಹೆಗಲ ಮೇಲೆ ಬಿದ್ದಾಗಲೇ, ಸೈಕಲ್ ಸವಾರರು ಬೀಳುವುದೇ ಹಾಗೆ.

ನಡುಮಧ್ಯೆಯೇ ಯಾಕೆ ಮುರಿಯುತ್ತದೆ? ಮೂಳೆಯನ್ನು ಮೇಲಿನಿಂದ ನೋಡಿದರೆ ಅದಕ್ಕೆ ಎರಡು ಬಾಗು ಇವೆ, ಒಳಗಿನ ಅರ್ಧ ಮುಂದಕ್ಕೆ ಬಾಗಿದೆ, ಹೊರಗಿನದು ಹಿಂದಕ್ಕೆ. ಎರಡು ಬಾಗೂ ಸೇರುವ ಜಾಗವೇ ಅದರ ಅತಿ ತೆಳುವಾದ ಭಾಗ. ಒಳತುದಿಯನ್ನು ಮೊದಲ ಪಕ್ಕೆಲುಬಿಗೆ ಬಿಗಿಯುವ ಗಟ್ಟಿ ಅಸ್ಥಿರಜ್ಜು ಇದೆ, ಹೊರತುದಿಯನ್ನು ಹೆಗಲ ಹಲಗೆಗೆ ಬಿಗಿಯುವ ಅಸ್ಥಿರಜ್ಜುಗಳಿವೆ, ನಡುವಿಗೆ ಮಾತ್ರ ಅಂಥ ಆಸರೆ ಏನೂ ಇಲ್ಲ. ಅದಕ್ಕೇ ದೊಡ್ಡವರಲ್ಲಿ ಕಾಲರ್ ಬೋನ್ ಮುರಿತಗಳಲ್ಲಿ ಹೆಚ್ಚುಕಡಿಮೆ ಶೇಕಡ 70ರಿಂದ 80ರಷ್ಟು ಇಲ್ಲೇ ಆಗುತ್ತವೆ. ಮುರಿದ ಮೇಲೆ ಒಳಗಿನ ತುಂಡನ್ನು ಕತ್ತಿನ ಸ್ನಾಯು ಮೇಲಕ್ಕೆ ಎಳೆಯುತ್ತದೆ, ಹೊರಗಿನ ತುಂಡನ್ನು ತೋಳಿನ ಭಾರ ಕೆಳಕ್ಕೆ ಜಗ್ಗುತ್ತದೆ, ಎದೆಯ ಸ್ನಾಯು ಇಡೀ ಹೆಗಲನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಮೂರು ದಿಕ್ಕಿನ ಎಳೆದಾಟದಲ್ಲಿ ಒಂದರ ಮೇಲೊಂದು ಹತ್ತಿ ಕೂರುತ್ತವೆ. ನಿಮ್ಮ ಎಕ್ಸ್‌ರೇಯಲ್ಲಿ ಕಾಣುವುದು ಅದೇ. ನೋಡಿದರೆ ಗಾಬರಿಯಾಗುತ್ತದೆ, ನಿಜ.

ಪ್ಲಾಸ್ಟರ್ ಯಾಕಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಮುರಿದ ಮೂಳೆಗೆ ಪ್ಲಾಸ್ಟರ್ ಹಾಕುವಾಗ ಮೇಲಿನ ಕೀಲು, ಕೆಳಗಿನ ಕೀಲು ಎರಡನ್ನೂ ಹಿಡಿದಿಡಬೇಕು. ಇಲ್ಲಿ ಒಂದು ಕೀಲು ಎದೆಮೂಳೆಯ ಮೇಲಿದೆ, ಉಸಿರಾಡಿದಾಗೆಲ್ಲ ಅದು ಅಲುಗುತ್ತದೆ. ಹಿಡಿದಿಡುವುದಾದರೂ ಹೇಗೆ? ಹಿಂದೆ ಬೆನ್ನ ಮೇಲೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಪಟ್ಟಿ ಬಿಗಿದು ಹೆಗಲನ್ನು ಹಿಂದಕ್ಕೆ ಎಳೆಯುವ ರೂಢಿ ಇತ್ತು. ಈಗಲೂ ಅಲ್ಲಲ್ಲಿ ಹಾಕುತ್ತಾರೆ. ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಮೂಳೆ ಕೂಡುವುದರಲ್ಲಿ ಅದು ಸಾದಾ ಸ್ಲಿಂಗ್‌ಗಿಂತ ಉತ್ತಮ ಅಂತ ಕಂಡುಬಂದಿಲ್ಲ, ಕಂಕುಳಲ್ಲಿ ಒತ್ತಿ ನೋವು, ಕೈ ಜೋಮು ಹಿಡಿಯುವುದು ಮಾತ್ರ ಜಾಸ್ತಿ. ನಾನಂತೂ ಹಾಕುವುದಿಲ್ಲ. ನಿಮ್ಮ ಡಾಕ್ಟರು ಸುಮ್ನೆ ಕೈಬಿಟ್ಟು ಕಳಿಸಿದರು ಅಂತ ಅಂದುಕೊಳ್ಳಬೇಡಿ. ಸ್ಲಿಂಗ್ ಇಲ್ಲಿ ಚಿಕಿತ್ಸೆಯೇ. ಅದು ತುಂಡುಗಳನ್ನು ಜೋಡಿಸುವುದಿಲ್ಲ, ತೋಳಿನ ಭಾರ ಹೊತ್ತು ನೋವು ಕಡಿಮೆ ಮಾಡುತ್ತದೆ, ಮಿಕ್ಕ ಕೆಲಸ ಮೂಳೆಯದು.

ಈ ಮೂಳೆಗೆ ಕೂಡಿಕೊಳ್ಳುವ ಗುಣ ಚೆನ್ನಾಗಿದೆ ಅನ್ನುವುದು ಹೊಸ ವಿಷಯವೇನಲ್ಲ. ಕ್ರಿಸ್ತಪೂರ್ವ 1600ರ ಸುಮಾರಿನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲೇ ಕಾಲರ್ ಬೋನ್ ಮುರಿದವರನ್ನು ಮಲಗಿಸಿ, ಹೆಗಲು ಅಗಲಿಸಿ, ಮೂಳೆ ಕೂರಿಸಿ ಕಟ್ಟು ಕಟ್ಟುವ ವಿವರ ಇದೆ. ಇದು ಚಿಕಿತ್ಸೆ ಮಾಡಬಹುದಾದ ಪೆಟ್ಟು ಎಂದೇ ಅದರಲ್ಲಿ ಬರೆದಿದ್ದಾರೆ.

ಇನ್ನು ಗಂಟು. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಎರಡು ಮೂರು ವಾರದ ಹೊತ್ತಿಗೆ ಅಲ್ಲಿ ಮೆದು ಮೂಳೆಯಂಥ ಪದಾರ್ಥ ತುಂಬುತ್ತದೆ, ಆಮೇಲೆ ಅದರಲ್ಲಿ ಸುಣ್ಣದಂಶ ಸೇರಿ ಗಟ್ಟಿಯಾಗುತ್ತದೆ. ಈ ಬೆಸುಗೆಯನ್ನೇ ಕ್ಯಾಲಸ್ ಅನ್ನುವುದು. ಮೈಯ ಬೇರೆ ಮೂಳೆಗಳಲ್ಲೂ ಇದು ಆಗುತ್ತದೆ, ತೊಡೆಯಲ್ಲಾದರೆ ಮಾಂಸದ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಕಾಲರ್ ಬೋನ್ ಮೇಲೆ ಇರುವುದು ಬರೀ ಚರ್ಮ, ಹಾಗಾಗಿ ಎದ್ದು ಕಾಣುತ್ತದೆ. ಮೇಲೆದ್ದ ತುಂಡಿನ ತುದಿಯೂ ಅದರಲ್ಲಿ ಸೇರಿರುತ್ತದೆ. ಮಕ್ಕಳಲ್ಲಾದರೆ ಒಂದು ವರ್ಷದೊಳಗೆ ಮೂಳೆ ತನ್ನನ್ನು ತಾನೇ ತಿದ್ದಿಕೊಂಡು ಮುರಿದಿತ್ತು ಅನ್ನುವ ಗುರುತೇ ಸಿಗದ ಹಾಗೆ ಮಾಡಿಕೊಳ್ಳುತ್ತದೆ. 34ರಲ್ಲಿ ಅಷ್ಟು ನಿರೀಕ್ಷೆ ಬೇಡ. ಗಂಟು ತಿಂಗಳುಗಳು ಕಳೆದಂತೆ ಚಿಕ್ಕದಾಗುತ್ತದೆ, ಸ್ವಲ್ಪ ಉಳಿಯುತ್ತದೆ. ಉಳಿದರೆ ಕಾಣುತ್ತದೆ ಅಷ್ಟೇ, ಅದರಿಂದ ತೋಳಿನ ಶಕ್ತಿಗೆ ಏನೂ ಆಗುವುದಿಲ್ಲ. ಅಪರೂಪಕ್ಕೆ ಬೆಸುಗೆ ತೀರಾ ದೊಡ್ಡದಾಗಿ ಮೂಳೆಯ ಅಡಿಯಲ್ಲಿ ಹಾದುಹೋಗುವ ನರಗಳನ್ನು ಒತ್ತುವುದುಂಟು. ಆಗ ಕೈ ಮೇಲೆತ್ತಿದಾಗೆಲ್ಲ ಬೆರಳುಗಳಲ್ಲಿ ಜುಮ್ಮೆನ್ನುತ್ತದೆ. ಅದಾದರೆ ಹೇಳಬೇಕು.

ಪ್ಲೇಟ್ ಹಾಕಿಸದಿದ್ದರೆ ಕೈ ಹೋಯಿತು ಅನ್ನುವ ಮಾತಿಗೆ ಬರೋಣ. ನಿಮ್ಮ ಗೆಳೆಯರ ಮಾತು ಪೂರ್ತಿ ಗಾಳಿಮಾತಲ್ಲ, ಅದರ ಹಿಂದೆ ಒಂದು ಕತೆ ಇದೆ. 1960ರ ದಶಕದಲ್ಲಿ ಬಂದ ದೊಡ್ಡ ವರದಿಗಳಲ್ಲಿ, ಆಪರೇಷನ್ ಇಲ್ಲದೆ ಬಿಟ್ಟ ಕಾಲರ್ ಬೋನ್‌ಗಳಲ್ಲಿ ಕೂಡದೆ ಉಳಿದದ್ದು ಶೇಕಡ 1ಕ್ಕಿಂತ ಕಡಿಮೆ ಎಂದಿತ್ತು. ಅದನ್ನು ಓದಿ ಬೆಳೆದ ಮೂಳೆ ಡಾಕ್ಟರುಗಳು ದಶಕಗಳ ಕಾಲ ಎಲ್ಲರಿಗೂ ಸ್ಲಿಂಗ್ ಕೊಟ್ಟು ಕಳಿಸಿದರು. ಆ ಲೆಕ್ಕದಲ್ಲಿ ಮಕ್ಕಳೂ ಇದ್ದರು, ಜಾಗ ಬಿಟ್ಟು ಕದಲದ ಸಣ್ಣ ಮುರಿತಗಳೂ ಇದ್ದವು. ದೊಡ್ಡವರಲ್ಲಿ, ತುಂಡುಗಳು ಪೂರ್ತಿ ಬೇರೆಯಾದ ಮುರಿತಗಳನ್ನಷ್ಟೇ ಬಿಡಿಸಿ ನೋಡಿದಾಗ ಕೂಡದಿರುವ ಪ್ರಮಾಣ ಶೇಕಡ 10ರಿಂದ 15ರ ಹತ್ತಿರ ಬಂತು. 2007ರಲ್ಲಿ ಕೆನಡಾದ ಮೂಳೆ ಡಾಕ್ಟರುಗಳ ಒಂದು ತಂಡ ಇಂಥ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪ್ಲೇಟ್, ಇನ್ನೊಂದಕ್ಕೆ ಸ್ಲಿಂಗ್ ಕೊಟ್ಟು ಒಂದು ವರ್ಷ ಹಿಂಬಾಲಿಸಿತು. ಪ್ಲೇಟ್ ಗುಂಪಿನವರ ಮೂಳೆ ಬೇಗ ಕೂಡಿತು, ಕೂಡದೆ ಉಳಿದವರು ಕಡಿಮೆ, ಹೆಗಲಿನ ಕೆಲಸದ ಅಂಕಗಳೂ ಚೆನ್ನಾಗಿದ್ದವು. ಅಲ್ಲಿಂದ ಮುಂದೆ ಎಲ್ಲೆಲ್ಲೂ ಪ್ಲೇಟ್‌ಗಳ ಕಾಲ ಶುರುವಾಯಿತು.

ಆಮೇಲೆ ಬಂದ ಅಧ್ಯಯನಗಳು ಆ ಉತ್ಸಾಹವನ್ನು ಸ್ವಲ್ಪ ತಗ್ಗಿಸಿದವು. ಒಂದು ವರ್ಷದ ಕೊನೆಗೆ ಎರಡು ಗುಂಪಿನ ನಡುವೆ ಕಾಣುವ ವ್ಯತ್ಯಾಸದ ಬಹುಪಾಲು, ಸ್ಲಿಂಗ್ ಗುಂಪಿನಲ್ಲಿ ಮೂಳೆ ಕೂಡದೆ ಉಳಿದ ಆ ಕೆಲವರಿಂದ ಬರುತ್ತದೆ. ಸ್ಲಿಂಗ್‌ನಲ್ಲೇ ಕೂಡಿಕೊಂಡವರು, ಸ್ವಲ್ಪ ಸೊಟ್ಟಗೆ ಕೂಡಿದ್ದರೂ, ಪ್ಲೇಟ್ ಹಾಕಿಸಿಕೊಂಡವರಿಗೆ ಹೆಚ್ಚುಕಡಿಮೆ ಸಮವಾಗೇ ಇರುತ್ತಾರೆ. ಲೆಕ್ಕ ಹಾಕಿದರೆ, ಒಬ್ಬರ ಮೂಳೆ ಕೂಡದಿರುವುದನ್ನು ತಪ್ಪಿಸಲು ಆರೇಳು ಜನಕ್ಕಾದರೂ ಆಪರೇಷನ್ ಮಾಡಬೇಕು. ಆ ಮಿಕ್ಕವರಿಗೆ ಸಿಗುವುದೇನು? ಮೊದಲ ವಾರಗಳಲ್ಲಿ ನೋವು ಬೇಗ ಇಳಿಯುತ್ತದೆ, ಕೈ ಬೇಗ ಬಳಕೆಗೆ ಬರುತ್ತದೆ, ಅದು ನಿಜವಾದ ಲಾಭವೇ. ಜೊತೆಗೆ ಒಂದು ಗಾಯದ ಗುರುತು, ಅದರ ಕೆಳಗೆ ಎದೆಯ ಮೇಲೆ ಮರಗಟ್ಟಿದ ಚರ್ಮದ ತೇಪೆ, ಸೋಂಕಿನ ಸಣ್ಣ ಭಯ, ಬ್ಯಾಗಿನ ಪಟ್ಟಿ ತಗುಲಿದಾಗೆಲ್ಲ ಕಿರಿಕಿರಿ ಮಾಡುವ ಪ್ಲೇಟ್, ಕೆಲವರಿಗೆ ಅದನ್ನು ತೆಗೆಸಲು ಇನ್ನೊಂದು ಆಪರೇಷನ್. ತೆಗೆಸಿದ ಮೇಲೆ ಸ್ಕ್ರೂ ತೂತುಗಳಿರುವ ಮೂಳೆ ಕೆಲವು ಕಾಲ ಮೆತ್ತಗಿರುತ್ತದೆ, ಆಗ ಬಿದ್ದರೆ ಮತ್ತೆ ಮುರಿಯಬಹುದು.

ಹಾಗಾಗಿ ಇದು ಕೈ ಉಳಿಯುತ್ತದೋ ಹೋಗುತ್ತದೋ ಅನ್ನುವ ಪ್ರಶ್ನೆ ಅಲ್ಲವೇ ಅಲ್ಲ. ಯಾವ ತೊಂದರೆಯನ್ನು ಒಪ್ಪಿಕೊಳ್ಳುತ್ತೀರಿ ಅನ್ನುವ ಪ್ರಶ್ನೆ. ಬೈಕ್ ರೇಸರ್ ಹೊರ್ಹೆ ಲೊರೆಂಜೊ 2013ರಲ್ಲಿ ಗುರುವಾರ ಕಾಲರ್ ಬೋನ್ ಮುರಿದುಕೊಂಡು, ಪ್ಲೇಟ್ ಹಾಕಿಸಿಕೊಂಡು, ಶನಿವಾರ ರೇಸಿನಲ್ಲಿ ಐದನೆಯವರಾಗಿ ಬಂದರು. ಇದನ್ನು ಓದಿ ನನಗೂ ಹಾಗೇ ಮಾಡಿ ಅಂತ ಕೇಳುವವರಿದ್ದಾರೆ. ಅವರ ಹೊಟ್ಟೆಪಾಡು ಅದು, ಅಪಾಯವೂ ಅವರದೇ. (ಮುಂದಿನ ತಿಂಗಳೇ ಮತ್ತೆ ಬಿದ್ದು ಅದೇ ಪ್ಲೇಟ್ ಬಾಗಿ, ಇನ್ನೊಂದು ಆಪರೇಷನ್ ಆಯಿತು ಅನ್ನುವ ಭಾಗವನ್ನು ಯಾರೂ ಹೇಳುವುದಿಲ್ಲ.)

ಆಪರೇಷನ್ ಮಾಡಲೇಬೇಕಾದ ಸಂದರ್ಭಗಳು ಇದ್ದೇ ಇವೆ. ಮೂಳೆ ಚರ್ಮ ಹರಿದು ಹೊರಬಂದಿದ್ದರೆ, ಒಳಗಿನಿಂದ ಚೂಪಾಗಿ ಒತ್ತಿ ಚರ್ಮ ಬಿಳಿಚಿಕೊಂಡಿದ್ದರೆ, ರಕ್ತನಾಳಕ್ಕೋ ನರಕ್ಕೋ ಪೆಟ್ಟಾಗಿದ್ದರೆ, ಹೆಗಲ ಹಲಗೆಯೂ ಜೊತೆಗೇ ಮುರಿದು ಹೆಗಲು ಜೋತುಬಿದ್ದಿದ್ದರೆ ಯೋಚನೆ ಮಾಡುವಂತಿಲ್ಲ. ಎರಡು ತುಂಡು ಹತ್ತಿ ಕೂತು ಮೂಳೆ 2 ಸೆಂಟಿಮೀಟರ್‌ಗಿಂತ ಜಾಸ್ತಿ ಗಿಡ್ಡವಾಗಿದ್ದರೆ, ನಡುವೆ ಚೂರುಗಳು ಅಡ್ಡ ತಿರುಗಿ ನಿಂತಿದ್ದರೆ, ತೋಳೆತ್ತಿ ದುಡಿಯುವ ಕೆಲಸ ನಿಮ್ಮದಾಗಿದ್ದರೆ, ಆಪರೇಷನ್ ಕಡೆಗೆ ತಕ್ಕಡಿ ವಾಲುತ್ತದೆ. ನೀವು ಬರೆದಿರುವುದರಲ್ಲಿ ಎಷ್ಟು ಗಿಡ್ಡವಾಗಿದೆ ಅನ್ನುವ ಅಳತೆ ಇಲ್ಲ. ಮುಂದಿನ ಸಲ ಹೋದಾಗ ಅದೊಂದನ್ನು ಕೇಳಿ. ಇನ್ನೂ ಒಂದು ಸಮಾಧಾನ: ಈಗ ಸ್ಲಿಂಗ್ ಆರಿಸಿಕೊಂಡದ್ದರಿಂದ ಬಾಗಿಲು ಮುಚ್ಚಿಹೋಗಿಲ್ಲ. ಆರು ತಿಂಗಳಾದರೂ ಕೂಡದೆ ನೋವು ಕೊಡುತ್ತಿದ್ದರೆ ಆಗಲೂ ಪ್ಲೇಟ್ ಹಾಕಿ, ಬೇಕಿದ್ದರೆ ಸೊಂಟದ ಮೂಳೆಯಿಂದ ಸ್ವಲ್ಪ ಚೂರು ತೆಗೆದು ತುಂಬಿ ಕೂಡಿಸಬಹುದು, ಬಹುತೇಕರಲ್ಲಿ ಅದು ಕೂಡುತ್ತದೆ. ಮೊದಲೇ ಮಾಡಿದಷ್ಟು ಸಲೀಸಲ್ಲ, ಆದರೆ ಆಗುತ್ತದೆ.

ಸಿಗರೇಟು ಸೇದುತ್ತೀರಾ? ಬರೆದಿಲ್ಲ. ಸೇದುತ್ತಿದ್ದರೆ ಇವತ್ತೇ ನಿಲ್ಲಿಸಿ, ಕೊನೇಪಕ್ಷ ಮೂಳೆ ಕೂಡುವ ತನಕವಾದರೂ. ಈ ಮೂಳೆ ಕೂಡದಿರಲು ನಿಮ್ಮ ಕೈಯಲ್ಲೇ ಇರುವ ದೊಡ್ಡ ಕಾರಣ ಅದೊಂದೇ.

ಮೂರನೇ ವಾರದಿಂದ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸ್ಲಿಂಗ್‌ನೊಳಗೆ ಕೈಯನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳುವವರೇ ಜಾಸ್ತಿ. ಬೆರಳು, ಮಣಿಕಟ್ಟು, ಮೊಣಕೈ ಇವನ್ನು ಮೊದಲ ದಿನದಿಂದಲೇ ಆಡಿಸುತ್ತಿರಬೇಕು. ಇಲ್ಲದಿದ್ದರೆ ಮೂಳೆ ಕೂಡುವ ಹೊತ್ತಿಗೆ ಹೆಗಲು, ಮೊಣಕೈ ಎರಡೂ ಬಿಗಿದುಕೊಂಡಿರುತ್ತವೆ, ಆ ಬಿಗಿತ ಬಿಡಿಸುವುದು ಮುರಿತಕ್ಕಿಂತ ದೊಡ್ಡ ಗೋಳು. ನೋವು ತಡೆಯುವಂತಿದ್ದರೆ ಈಗ ಮುಂದಕ್ಕೆ ಬಾಗಿ ತೋಳನ್ನು ಸಡಿಲ ಬಿಟ್ಟು ಸಣ್ಣಗೆ ತೂಗಾಡಿಸಬಹುದು. ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆತ್ತುವುದು ಆರನೇ ವಾರದ ಎಕ್ಸ್‌ರೇ ಆಗುವವರೆಗೆ ಬೇಡ, ಆ ಮಟ್ಟ ದಾಟಿದರೆ ಕಾಲರ್ ಬೋನ್ ತನ್ನ ಉದ್ದದ ಸುತ್ತ ಚೆನ್ನಾಗಿ ಹೊರಳುತ್ತದೆ, ಹಸಿ ಬೆಸುಗೆಗೆ ಆ ತಿರುಚು ಒಳ್ಳೆಯದಲ್ಲ. ಮಲಗುವಾಗ ಬೆನ್ನಿಗೆ ದಿಂಬು ಕೊಟ್ಟು ಅರ್ಧ ಒರಗಿ ಮಲಗಿದರೆ ನಿದ್ದೆ ಬರುತ್ತದೆ. ಭಾರ ಎತ್ತುವುದು, ಸೈಕಲ್ ಏರುವುದು ಮೂಳೆ ಕೂಡಿದೆ ಅಂತ ಗ್ಯಾರಂಟಿಯಾದ ಮೇಲೆ, ಬೀಳುವ ಸಾಧ್ಯತೆ ಇರುವ ಆಟಗಳು ಮೂರು ತಿಂಗಳಾದರೂ ಕಳೆದ ಮೇಲೆ.

ಕೂಡಿದೆಯೋ ಇಲ್ಲವೋ ಅನ್ನುವುದನ್ನು ಎಕ್ಸ್‌ರೇಗಿಂತ ಮೊದಲು ಮೈಯೇ ಹೇಳುತ್ತದೆ. ಒತ್ತಿದರೆ ನೋವು ಕಡಿಮೆಯಾಗಿರುತ್ತದೆ, ಹೊರಳಿದಾಗ ಒಳಗೆ ಕಟಕಟ ಅನ್ನುತ್ತಿದ್ದದ್ದು ನಿಂತಿರುತ್ತದೆ. ಆರು ವಾರದಲ್ಲೂ ಎಕ್ಸ್‌ರೇಯಲ್ಲಿ ಗೆರೆ ಕಂಡರೆ ಗಾಬರಿಯಾಗಬೇಡಿ, ದೊಡ್ಡವರಲ್ಲಿ ಹನ್ನೆರಡು ವಾರ ಹಿಡಿಯುವುದು ಮಾಮೂಲು. ಆರು ವಾರದ ಮೇಲೂ ಕಟಕಟ ಅನ್ನುತ್ತಾ ತುಂಡುಗಳು ಬೇರೆಬೇರೆಯಾಗಿ ಅಲ್ಲಾಡುತ್ತಿದ್ದರೆ ಮಾತ್ರ ಆಪರೇಷನ್ ವಿಷಯವನ್ನು ಮತ್ತೆ ಎತ್ತಬೇಕು.

ಯಾವಾಗ ಕಾಯಬಾರದು? ಕೈ ತಣ್ಣಗಾದರೆ, ಬಣ್ಣ ಬದಲಾದರೆ, ಇಡೀ ತೋಳು ಊದಿಕೊಂಡರೆ, ಬೆರಳುಗಳಲ್ಲಿ ಶಕ್ತಿ ಹೋದರೆ, ಉಸಿರು ಕಟ್ಟಿದರೆ. ಈ ಮೂಳೆಯ ಹಿಂದೆಯೇ ತೋಳಿಗೆ ಹೋಗುವ ದೊಡ್ಡ ರಕ್ತನಾಳಗಳಿವೆ, ನರಗಳ ಗುಂಪಿದೆ, ಶ್ವಾಸಕೋಶದ ತುದಿಯೂ ಇದೆ. ಇವಕ್ಕೆ ಪೆಟ್ಟಾಗುವುದು ಬಹಳ ಅಪರೂಪ, ಆಗುವುದಿದ್ದರೂ ಸಾಮಾನ್ಯವಾಗಿ ಬಿದ್ದ ದಿನವೇ ಗೊತ್ತಾಗುತ್ತದೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ರಾಬರ್ಟ್ ಪೀಲ್ 1850ರ ಜೂನ್ ಕೊನೆಯಲ್ಲಿ ಲಂಡನ್ನಿನಲ್ಲಿ ಕುದುರೆಯಿಂದ ಬಿದ್ದರು, ಕುದುರೆಯೂ ಅವರ ಮೇಲೆ ಎಡವಿತು, ಜುಲೈ 2ಕ್ಕೆ ತೀರಿಕೊಂಡರು. ಮುರಿದ ಕಾಲರ್ ಬೋನ್ ಹಿಂದಿನ ರಕ್ತನಾಳ ಹರಿದದ್ದು ಕಾರಣ ಎಂದು ಹೇಳಲಾಗುತ್ತದೆ. ಮೂರು ವಾರ ಆರಾಮಾಗಿ ಕಳೆದ ನಿಮಗೆ ಈ ಭಯ ಬೇಕಿಲ್ಲ.

ಹೊರತುದಿಯ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ, ನಿಮಗೆ ಸಂಬಂಧವಿಲ್ಲದಿದ್ದರೂ ನಿಮ್ಮ ಗೆಳೆಯರು ಹೇಳಿದ ಕತೆಗಳಲ್ಲಿ ಇದು ಬೆರೆತಿರಬಹುದು ಅನ್ನುವ ಅನುಮಾನ ನನಗೆ. ಹೆಗಲ ತುದಿಯ ಹತ್ತಿರ ಮುರಿದು, ಅಲ್ಲಿನ ಅಸ್ಥಿರಜ್ಜುಗಳೂ ಹರಿದಿದ್ದರೆ, ಮೂಳೆ ಕೂಡದೆ ಉಳಿಯುವ ಸಂಭವ ನಡುಭಾಗಕ್ಕಿಂತ ಎಷ್ಟೋ ಜಾಸ್ತಿ. ಅಲ್ಲಿ ಆಪರೇಷನ್ ಮಾತು ಬೇಗ ಬರುತ್ತದೆ. ವಯಸ್ಸಾದವರಲ್ಲಿ ಮಾತ್ರ ಅಲ್ಲಿ ಕೂಡದಿದ್ದರೂ ಎಷ್ಟೋ ಜನಕ್ಕೆ ನೋವೇ ಇರುವುದಿಲ್ಲ, ಹಾಗಾಗಿ ಸುಮ್ಮನೆ ಬಿಡುವುದೂ ಉಂಟು. ಮೂಳೆ ಮುರಿಯದೆ ಕೀಲೇ ಕಳಚಿದರೆ ಅದು ಇನ್ನೊಂದು ಕತೆ. ರಾಕ್‌ವುಡ್ ಎಂಬ ವೈದ್ಯರ ಹೆಸರಿನ ವಿಂಗಡಣೆಯಲ್ಲಿ ಅದಕ್ಕೆ ಆರು ದರ್ಜೆಗಳಿವೆ. ಮೊದಲ ಎರಡಕ್ಕೆ ಸ್ಲಿಂಗ್ ಸಾಕು, ಕೊನೆಯ ಮೂರಕ್ಕೆ ಸಾಮಾನ್ಯವಾಗಿ ಆಪರೇಷನ್, ಮೂರನೆಯದರ ಬಗ್ಗೆ ಮೂಳೆ ಡಾಕ್ಟರುಗಳು ಇವತ್ತಿಗೂ ಜಗಳಾಡುತ್ತಾರೆ. ಬೀಳದೆಯೇ, ಜಿಮ್‌ನಲ್ಲಿ ಬೆಂಚ್ ಪ್ರೆಸ್ ಮಾಡುತ್ತಾ ಮಾಡುತ್ತಾ ಈ ತುದಿಯಲ್ಲಿ ನೋವು ಶುರುವಾದರೆ ಮೂಳೆಯ ತುದಿ ಒಳಗೊಳಗೇ ಕರಗುತ್ತಿರಬಹುದು. ಭಾರ ಕಮ್ಮಿ ಮಾಡಿ ಕೆಲವು ತಿಂಗಳು ಬಿಡುವು ಕೊಟ್ಟರೆ ಬಹಳ ಮಟ್ಟಿಗೆ ಸರಿಹೋಗುತ್ತದೆ, ಬಿಡುವು ಕೊಡುವುದೇ ಜಿಮ್ ಹುಚ್ಚಿನವರಿಗೆ ಕಷ್ಟ.

ಈಗ ಅಮ್ಮನ ಗಂಟು.

ಕತ್ತಿನ ಬುಡದ ಗುಳಿಯ ಎರಡೂ ಪಕ್ಕದಲ್ಲಿ ಕಾಲರ್ ಬೋನ್ ಎದೆಮೂಳೆಗೆ ಸೇರುವ ಕೀಲು ಇದೆ. ಮಂಡಿಗೆ, ಸೊಂಟಕ್ಕೆ ಸವೆತ ಬರುತ್ತದೆ ಅಂತ ಎಲ್ಲರಿಗೂ ಗೊತ್ತು, ಇಲ್ಲಿ ಕೀಲಿದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ನೀವು ತೋಳೆತ್ತಿದಾಗೆಲ್ಲ, ಹೆಗಲು ಕುಣಿಸಿದಾಗೆಲ್ಲ ಇದು ಆಡುತ್ತದೆ. 50 ದಾಟಿದವರಲ್ಲಿ ಇಲ್ಲಿ ಸವೆತ ತುಂಬಾ ಮಾಮೂಲು. ಮುಟ್ಟು ನಿಂತ ಹೆಂಗಸರಲ್ಲಿ, ಜಾಸ್ತಿ ಬಳಸುವ ಕೈಯ ಕಡೆ, ಮೂಳೆಯಷ್ಟೇ ಗಟ್ಟಿಯಾದ, ನೋವಿಲ್ಲದ ಉಬ್ಬು ನಿಧಾನವಾಗಿ ಕಾಣಿಸಿಕೊಳ್ಳುವುದು ಇದರ ಪಾಠದ ಪುಸ್ತಕದಂಥ ಲಕ್ಷಣ. ಗಂಟು ಅಂತ ಹೆದರಿ ಬರುತ್ತಾರೆ, ಕ್ಯಾನ್ಸರ್ ಇರಬಹುದಾ ಅಂತ ಕೇಳಲು ಬಾಯಿ ಬರದೆ ಕೂತಿರುತ್ತಾರೆ. ನೋವಿಲ್ಲದಿದ್ದರೆ ಇದಕ್ಕೆ ಏನೂ ಮಾಡಬೇಕಿಲ್ಲ. ನೋವಿದ್ದರೆ ಮಾತ್ರೆ, ಕೆಲವರಿಗೆ ಕೀಲಿಗೆ ಒಂದು ಇಂಜೆಕ್ಷನ್.

ಆದರೂ ಒಮ್ಮೆ ತೋರಿಸಿ ಅನ್ನುತ್ತೇನೆ, ಯಾಕೆಂದರೆ ಇದೇ ಜಾಗಕ್ಕೆ ಬೇರೆಯವೂ ಬರುತ್ತವೆ, ಅವನ್ನು ಬೇರೆ ಮಾಡುವುದು ಕೈಯಿಂದ ಮುಟ್ಟಿ ನೋಡುವವರ ಕೆಲಸ. ಗಂಟು ಬಿಸಿಯಾಗಿದೆಯೇ, ಕೆಂಪಾಗಿದೆಯೇ, ಜ್ವರ ಇದೆಯೇ? ಇದ್ದರೆ ಕೀಲಿಗೆ ಸೋಂಕಾಗಿರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಕೀವು ಹಿಂದೆ ಎದೆಯೊಳಕ್ಕೆ ಇಳಿಯಬಹುದು. ಅಂಗೈ, ಅಂಗಾಲುಗಳಲ್ಲಿ ಕೀವು ಗುಳ್ಳೆಗಳು ಬಂದು ಹೋಗುತ್ತಿದ್ದರೆ ಹೇಳಬೇಕು, ಚರ್ಮಕ್ಕೂ ಈ ಕೀಲಿಗೂ ಒಟ್ಟಿಗೆ ಬರುವ ಸಾಫೋ ಎಂಬ ಕಾಯಿಲೆ ಇದೆ, ಇದಕ್ಕೆ ಅಚ್ಚುಮೆಚ್ಚಿನ ಜಾಗವೇ ಕಾಲರ್ ಬೋನ್ ಒಳತುದಿ. ಮಕ್ಕಳಲ್ಲಿ ಕಾಲರ್ ಬೋನ್ ಊದಿ, ಇಳಿದು, ಮತ್ತೆ ಊದುತ್ತಿದ್ದರೆ ಸೋಂಕಿಲ್ಲದೆ ಬರುವ ಮೂಳೆಯ ಉರಿಯೂತ ಇರಬಹುದು. ಅದು ಗೊತ್ತಾಗದೆ ವರ್ಷಗಟ್ಟಲೆ ಆಂಟಿಬಯೋಟಿಕ್ ನುಂಗಿಸುವುದು ನಡೆಯುತ್ತದೆ. ಸಾದಾ ಎಕ್ಸ್‌ರೇಯಲ್ಲಿ ಈ ಕೀಲು ಬೆನ್ನುಮೂಳೆ, ಪಕ್ಕೆಲುಬುಗಳ ನೆರಳಿನಲ್ಲಿ ಮುಚ್ಚಿಹೋಗುತ್ತದೆ, ಹಾಗಾಗಿ ಅನುಮಾನ ಇದ್ದರೆ ಸಿಟಿ ಸ್ಕ್ಯಾನ್ ಅಥವಾ ಎಂಆರ್‌ಐ ಬೇಕು.

ಈ ಒಳತುದಿಯಲ್ಲಿ ಉಬ್ಬಿಗಿಂತ ತಗ್ಗು ಅಪಾಯ. ಪೆಟ್ಟು ಬಿದ್ದು ಕೀಲು ಮುಂದಕ್ಕೆ ಕಳಚಿದರೆ ಗಂಟಿನ ಹಾಗೆ ಕಾಣುತ್ತದೆ, ಅದು ಅಂಥ ಆತುರದ ವಿಷಯವಲ್ಲ. ಹಿಂದಕ್ಕೆ ಕಳಚಿದರೆ ಇದ್ದ ಉಬ್ಬೂ ಮಾಯವಾಗುತ್ತದೆ, ಮೂಳೆ ಹಿಂದೆ ಹೋಗಿ ಉಸಿರುನಾಳ, ಅನ್ನನಾಳ, ದೊಡ್ಡ ರಕ್ತನಾಳಗಳನ್ನು ಒತ್ತುತ್ತದೆ. ಅಪಘಾತದ ನಂತರ ನುಂಗಲು ಕಷ್ಟ, ಸ್ವರ ಕೆಟ್ಟದ್ದು, ಉಸಿರಿಗೆ ತೊಂದರೆ ಇವುಗಳ ಜೊತೆ ಇಲ್ಲಿ ನೋವಿದ್ದರೆ ತಕ್ಷಣ ಆಸ್ಪತ್ರೆ. 25ಕ್ಕಿಂತ ಚಿಕ್ಕವರಲ್ಲಿ ಹೀಗೆ ಕಾಣುವುದು ಎಷ್ಟೋ ಸಲ ಕೀಲು ಕಳಚಿದ್ದೇ ಆಗಿರುವುದಿಲ್ಲ, ಮೂಳೆ ಬೆಳೆಯುವ ತುದಿಯ ಮೆದುಭಾಗ, ಅಂದರೆ ಬೆಳವಣಿಗೆಯ ಪಟ್ಟಿ, ಬಿರುಕು ಬಿಟ್ಟಿರುತ್ತದೆ. ಕಾಲರ್ ಬೋನ್ ವಿಚಿತ್ರ ಮೂಳೆ. ಗರ್ಭದಲ್ಲಿ ಐದಾರನೇ ವಾರಕ್ಕೇ ಗಟ್ಟಿಯಾಗಲು ಶುರುಮಾಡುವ ಮೊದಲ ಮೂಳೆ ಇದೇ, ಆದರೆ ಇದರ ಒಳತುದಿ ಕೂಡಿ ಮುಗಿಯುವುದು 25ರ ಆಸುಪಾಸಿನಲ್ಲೋ ಅದಕ್ಕಿಂತ ತಡವಾಗಿಯೋ, ಉದ್ದ ಮೂಳೆಗಳಲ್ಲೆಲ್ಲ ಕೊನೆಗೆ. ವಯಸ್ಸು ಎಷ್ಟೆಂದು ತಿಳಿಯಬೇಕಾದಾಗ ನ್ಯಾಯವೈದ್ಯರು ಈ ತುದಿಯನ್ನು ನೋಡುವುದು ಅದಕ್ಕೇ.

ಅಮ್ಮನ ವಿಷಯದಲ್ಲಿ ನೀವು ಮನೆಯಲ್ಲೇ ನೋಡಬೇಕಾದ್ದು ಒಂದಿದೆ. ಗಂಟು ಮೂಳೆಯ ಮೇಲೇ ಇದೆಯಾ, ಅಥವಾ ಮೂಳೆಯ ಮೇಲಂಚು ದಾಟಿದ ಗುಳಿಯಲ್ಲಿದೆಯಾ? ಬೆರಳಿಂದ ಒತ್ತಿ ಅಲುಗಿಸಿ. ಮೂಳೆಗೆ ಅಂಟಿಕೊಂಡು, ತೋಳಾಡಿಸಿದಾಗ ಮೂಳೆಯ ಜೊತೆಗೇ ಆಡುತ್ತಿದ್ದರೆ ನಾನು ಮೇಲೆ ಹೇಳಿದ್ದೆಲ್ಲ ಸರಿ. ಗುಳಿಯಲ್ಲಿ, ಮೂಳೆಯಿಂದ ಬೇರೆಯಾಗಿ, ಗೋಲಿಯಂತೆ ಸಿಗುತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಅಲ್ಲಿರುವುದು ದುಗ್ಧಗ್ರಂಥಿಗಳು. ಕತ್ತಿನ ಬೇರೆ ಕಡೆ ಗ್ರಂಥಿ ಊದಿದರೆ ಗಂಟಲು ನೋವು, ಹಲ್ಲಿನ ಸೋಂಕು ಅಂತ ಎಷ್ಟೋ ಸಣ್ಣ ಕಾರಣಗಳಿರುತ್ತವೆ. ಕಾಲರ್ ಬೋನ್ ಮೇಲಿನ ಗುಳಿಯ ಗ್ರಂಥಿ ಹಾಗಲ್ಲ, ಅದು ಊದಿದರೆ ಕ್ಷಯ, ಲಿಂಫೋಮಾ (ದುಗ್ಧಗ್ರಂಥಿಗಳದೇ ಕ್ಯಾನ್ಸರ್), ಇಲ್ಲವೇ ಒಳಗೆಲ್ಲೋ ಇರುವ ಕ್ಯಾನ್ಸರ್ ಇದೆಯಾ ಅಂತ ಹುಡುಕಲೇಬೇಕು. ಎಡಗಡೆಯ ಗುಳಿಯ ಗ್ರಂಥಿಗೂ ಹೊಟ್ಟೆಯ ಕ್ಯಾನ್ಸರಿಗೂ ಇರುವ ನಂಟನ್ನು ಜರ್ಮನಿಯ ರುಡಾಲ್ಫ್ ವಿರ್ಚೊ 1848ರಲ್ಲೇ ಬರೆದಿದ್ದರು, ಇವತ್ತಿಗೂ ಆ ಗ್ರಂಥಿಗೆ ಅವರದೇ ಹೆಸರು. ಹೊಟ್ಟೆಯ ಭಾಗದ ದುಗ್ಧರಸ ಒಂದು ನಾಳದ ಮೂಲಕ ಮೇಲೆ ಬಂದು ಎಡಗಡೆ ಇಲ್ಲೇ ರಕ್ತಕ್ಕೆ ಸೇರುತ್ತದೆ, ಕ್ಯಾನ್ಸರ್ ಕಣಗಳೂ ಅದೇ ದಾರಿ ಹಿಡಿಯುತ್ತವೆ. ಬಲಗಡೆಯ ಗುಳಿಗೆ ಬರುವುದು ಹೆಚ್ಚಾಗಿ ಎದೆಯ ಒಳಗಿನದು. ಅಮ್ಮನ ಗಂಟು ಗುಳಿಯಲ್ಲಿದೆ ಅನ್ನಿಸಿದರೆ ನೋವಿಲ್ಲವಲ್ಲ ಅಂತ ಕಾಯಬೇಡಿ, ಇಂಥ ಗ್ರಂಥಿಗಳು ನೋಯದಿರುವುದೇ ಜಾಸ್ತಿ. ಈ ವಾರವೇ ತೋರಿಸಿ.

ಇನ್ನೊಂದು ಮಾತು, ಅದೂ ವಯಸ್ಸಾದವರ ವಿಷಯವೇ. ಬೀಳದೆ, ಎಳೆಯದೆ, ಬಟ್ಟೆ ಹಾಕಿಕೊಳ್ಳುವಾಗಲೋ ಮಗ್ಗುಲಾಗುವಾಗಲೋ ಕಾಲರ್ ಬೋನ್ ಮುರಿದರೆ ಅದನ್ನು ಬರೀ ಮುರಿತ ಅಂತ ನೋಡುವಂತಿಲ್ಲ. ಕ್ಯಾನ್ಸರ್ ಹರಡಿ ಮೂಳೆ ಟೊಳ್ಳಾಗಿರಬಹುದು, ಹಿಂದೆ ಸ್ತನಕ್ಕೋ ಕತ್ತಿಗೋ ವಿಕಿರಣ ಚಿಕಿತ್ಸೆ ಆಗಿದ್ದರೆ ಅದರಿಂದ ಮೂಳೆ ಬಲ ಕಳೆದುಕೊಂಡಿರಬಹುದು. ಸ್ಲಿಂಗ್ ಹಾಕುವ ಮೊದಲು ಕಾರಣ ಹುಡುಕಬೇಕು.

ಇವೆಲ್ಲ ಓದಿ ನಿಮ್ಮ ಮಗುವಿಗೋ ತಮ್ಮನ ಮಗುವಿಗೋ ಹುಟ್ಟಿನಿಂದ ಇರುವ ಗಂಟು ನೆನಪಾದರೆ ಒಂದೆರಡು ಸಾಲು. ಹೆರಿಗೆಯಲ್ಲಿ ಹೆಗಲು ಸಿಕ್ಕಿಕೊಂಡು ಕೂಸಿನ ಕಾಲರ್ ಬೋನ್ ಮುರಿಯುವುದುಂಟು, ಮಗು ಒಂದು ಕೈ ಆಡಿಸುವುದಿಲ್ಲ, ಎರಡು ಮೂರು ವಾರಕ್ಕೆ ಗಂಟು ಬಂದು ಕೂಡಿಕೊಂಡುಬಿಡುತ್ತದೆ. ಗಂಟು ಹೋಗದೆ ವರ್ಷಗಳು ಉಳಿದು, ನೋವೂ ಇಲ್ಲದೆ, ಬಲಗಡೆಯೇ ಇದ್ದರೆ ಅದು ಹುಟ್ಟಿನಿಂದಲೇ ಎರಡು ತುಂಡು ಸೇರದೆ ಉಳಿದ ಮೂಳೆ ಇರಬಹುದು. ಇದು ಹೆಚ್ಚುಕಡಿಮೆ ಯಾವಾಗಲೂ ಬಲಗಡೆಯೇ ಬರುತ್ತದೆ, ಎಡಗಡೆ ಕಂಡರೆ ಹೃದಯವೇ ಬಲಗಡೆ ಇದೆಯಾ ಅಂತ ನೋಡಬೇಕು ಅನ್ನುವಷ್ಟು. ಎರಡೂ ಕಾಲರ್ ಬೋನ್ ಇಲ್ಲದೆ ಅಥವಾ ಅರ್ಧವೇ ಬೆಳೆದು ಹುಟ್ಟುವವರೂ ಇದ್ದಾರೆ. ಒಂದು ಜೀನ್‌ನ ತೊಂದರೆ ಅದು, ಅವರು ಎರಡೂ ಹೆಗಲನ್ನು ಎದೆಯ ಮುಂದೆ ತಂದು ಒಂದಕ್ಕೊಂದು ಮುಟ್ಟಿಸಬಲ್ಲರು. ನೆತ್ತಿ ತಡವಾಗಿ ಮುಚ್ಚುತ್ತದೆ, ಹಲ್ಲುಗಳು ಜಾಸ್ತಿ ಇದ್ದು ತಡವಾಗಿ ಹುಟ್ಟುತ್ತವೆ. ತೋಳುಗಳ ಮಟ್ಟಿಗೆ ಅವರಿಗೆ ದಿನದ ಕೆಲಸಕ್ಕೆ ಅಂಥ ಅಡ್ಡಿ ಇರುವುದಿಲ್ಲ.

ನಿಮಗೆ ಈಗ ಉಳಿದ ಕೆಲಸ ಎರಡು. ಆರನೇ ವಾರಕ್ಕೆ ಎಕ್ಸ್‌ರೇ ತೆಗೆಸುವಾಗ ಎರಡೂ ಕಡೆಯ ಕಾಲರ್ ಬೋನ್ ಒಂದೇ ಚಿತ್ರದಲ್ಲಿ ಬರುವಂತೆ ತೆಗೆಯಲು ಕೇಳಿ, ಎಷ್ಟು ಗಿಡ್ಡವಾಗಿದೆ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಬಹುದು. ಅಮ್ಮನನ್ನೂ ಅವತ್ತೇ ಜೊತೆಗೆ ಕರೆದುಕೊಂಡು ಹೋಗಿ, ಗಂಟು ಗುಳಿಯಲ್ಲಿ ಇಲ್ಲದಿದ್ದರೆ ಅಷ್ಟು ದಿನ ತಡವಾದರೂ ಪರವಾಗಿಲ್ಲ.